ಶನಿವಾರದ ತನಕ

ಒಗೆದ ಬೆಡ್‌ಶೀಟಿನ ಎರಡು ಮೂಲೆ ತಾಯಿಯ ಕೈಯಲ್ಲಿತ್ತು, ಇನ್ನೆರಡು ಮಗಳ ಕೈಯಲ್ಲಿ. ಇಬ್ಬರೂ ಕೊಡವಿದರು, ಬಿಗಿಯಾಗಿ ಎಳೆದರು, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಿದರು. ಬೆರಳಿಗೆ ಬೆರಳು ತಾಗುತ್ತಲೇ ತಾಯಿ ಹಿಂದೆ ಸರಿದಳು.

ನಡುಮನೆಯಲ್ಲಿ ಅಳಿಯ ಮಡಚುವ ಮಂಚದ ಸಡಿಲ ಕಾಲಿಗೆ ಸ್ಪ್ಯಾನರ್ ಹಾಕಿ ತಿರುಗಿಸುತ್ತಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಅವನು. ಶನಿವಾರದ ತನಕ ಅವನ ಹಾಸಿಗೆ ಅಲ್ಲೇ. ರಿಜಿಸ್ಟರ್ ಮದುವೆಯಾಗಿ ಐದು ವರ್ಷ ಸಂಸಾರ ಮಾಡಿದ್ದರೂ ಚರ್ಚಿನ ಕಣ್ಣಿಗೆ ಅವರಿನ್ನೂ ಗಂಡ ಹೆಂಡತಿಯಲ್ಲ. ಶನಿವಾರ ಚರ್ಚಿನಲ್ಲಿ ಮದುವೆ. ಅಲ್ಲಿಯವರೆಗೆ ಅಣ್ಣ ತಂಗಿಯರ ಹಾಗೆ ಇರಿ ಎಂದು ಫಾದರ್ ನೆಲ ನೋಡಿಕೊಂಡು ಹೇಳಿದ್ದರು.

"ಅತ್ತೆ, ಇವಳು ನನ್ನ ತಂಗಿ ಅಂದ್ಮೇಲೆ ನಾನು ನಿಮ್ಮ ಮಗ," ಎಂದ ಅಳಿಯ. "ಅಳಿಯನ ಮರ್ಯಾದೆ ಎಲ್ಲಾ ಬೇಡ. ಬೈಬೇಕು ಅನ್ಸಿದ್ರೆ ಬೈದ್ಬಿಡಿ."

"ನನ್ನ ಮಗ ಆಗಿದ್ರೆ ಗ್ರೀಸ್ ಕೈನ ಗೋಡೆಗೆ ಒರೆಸ್ತಿರ್ಲಿಲ್ಲ."

"ನೋಡಮ್ಮ ತಂಗಿ, ಅಮ್ಮ ಶುರು ಹಚ್ಕೊಂಡ್ರು."

ಮಗಳು ನಕ್ಕಳು. ತಾಯಿಯ ತುಟಿಯೂ ಅಲುಗಿತು. ಈ ಮನೆಗೆ ಬಂದಾಗಲೆಲ್ಲ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಕತ್ತಲಾಗುವ ಮೊದಲೇ ಎದ್ದುಬಿಡುತ್ತಿದ್ದವಳು, ಈ ಸಲ ಮಗಳ ಪಕ್ಕ ಮಲಗಲು ದಿಂಬನ್ನೂ ಹೊತ್ತು ತಂದಿದ್ದಳು.

ಕೋರ್ಟಿನ ಡೈವೋರ್ಸನ್ನು ಚರ್ಚು ಒಪ್ಪಿರಲಿಲ್ಲ. ಮಗಳ ಮೊದಲ ಮದುವೆ ಬಲವಂತದ್ದು, ಹಾಗಾಗಿ ಅದು ಮದುವೆಯೇ ಆಗಿರಲಿಲ್ಲವೆಂದು ಚರ್ಚು ಈಗ ತೀರ್ಪು ಕೊಟ್ಟದ್ದು ಈ ತಾಯಿಯ ಮಾತಿನ ಮೇಲೆ. ವಿಚಾರಣೆಯ ಪಾದ್ರಿಯ ಎದುರು ಕೂತು, "ಇವಳು ಒಲ್ಲೆ ಅಂತ ಅತ್ತಿದ್ಲು. ನಾನೇ ರಟ್ಟೆ ಹಿಡಿದು ಎಳ್ಕೊಂಡು ಹೋಗಿ ನಿಲ್ಲಿಸ್ದೆ," ಎಂದಿದ್ದಳು. ಹೊರಗಿನ ಬೆಂಚಿನಲ್ಲಿದ್ದ ಮಗಳಿಗೆ ಅದು ಕಿಟಕಿಯಿಂದ ಕೇಳಿಸಿತ್ತು. ಕೇಳಿಸಿತೆಂದು ತಾಯಿಗೂ ಗೊತ್ತು. ಆ ಮೇಲೆ ಇಬ್ಬರೂ ಅದರ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ.

ರಿಜಿಸ್ಟರ್ ಮದುವೆಯಾದ ಮೇಲೆ ಪ್ರತಿ ಭಾನುವಾರ, ಪರಮಪ್ರಸಾದಕ್ಕೆ ಸಾಲು ಏಳುವಾಗ, ಅದನ್ನು ಪಡೆಯುವ ಹಕ್ಕಿಲ್ಲದ ಮಗಳು ಮೊಣಕಾಲು ಓರೆ ಮಾಡಿ ಉಳಿದವರಿಗೆ ದಾರಿ ಬಿಡುತ್ತಿದ್ದಳು. ಪಕ್ಕದಲ್ಲಿದ್ದ ತಾಯಿಯೂ ಏಳುತ್ತಿರಲಿಲ್ಲ. ಮಂಡಿನೋವು ಎನ್ನುತ್ತಿದ್ದಳು.

ಬೆಡ್‌ಶೀಟು ಅರ್ಧವಾಗಿ, ಕಾಲಾಗಿ ಸಣ್ಣದಾಯಿತು.

"ಶನಿವಾರ ನೀವು ಹೋಗ್ಬನ್ನಿ," ಎಂದಳು ತಾಯಿ. "ಅಡುಗೆ ನಾನು ನೋಡ್ಕೋತೀನಿ."

"ಅಡುಗೆ ಹಿಂದಿನ ದಿನಾನೇ ಮಾಡಿಟ್ರಾಯ್ತು."

"ಮಂಡಿನೋವು ಬೇರೆ."

"ಅಮ್ಮ."

"ಒಂದ್ಸಲ ನಾನು ಮುಂದೆ ನಿಂತು ಮಾಡ್ಸಿದ್ದು ಸಾಕಲ್ವೇನೆ? ನನ್ನ ನೆರಳೂ ಬೀಳ್ಬಾರ್ದು ಅಲ್ಲಿ."

ನಡುಮನೆಯಲ್ಲಿ ಸ್ಪ್ಯಾನರಿನ ಸದ್ದು ನಿಂತಿತು. ಮಗಳು ತನ್ನ ಕಡೆಯ ಅಂಚು ಹಿಡಿದುಕೊಂಡೇ ಹತ್ತಿರ ಬಂದಳು. ತಾಯಿ ಮಡಿಕೆಯ ಸುಕ್ಕನ್ನು ಹೆಬ್ಬೆರಳಲ್ಲಿ ತೀಡುತ್ತಿದ್ದಳು, ಸುಕ್ಕು ಹೋದ ಮೇಲೂ.

"ಸಾಕ್ಷಿಗೆ ಇಬ್ಬರು ಬೇಕಂತೆ," ಎಂದಳು ಮಗಳು. "ಇವ್ರ ಕಡೆಯಿಂದ ಡಿಪೋ ಮೇಸ್ತ್ರಿ ಬರ್ತಾರೆ. ನನ್ನ ಕಡೆಯಿಂದ ನೀನು ನಿಂತ್ಕೋ, ಅಮ್ಮ."