ತೆಶಾಬಾಯ್‌ಗೆ ಪಶ್ಚಾತ್ತಾಪ ಬರೆದದ್ದು

ತೆಶಾಬಾಯ್ ಒಂದೂವರೆ ಗೇಣಿನ ಮರದ ಬೊಂಬೆ. ಒಂದು ಗಂಟೆಯ ಆಟದೊಳಗೆ ಅವನು ಅತ್ತೆಯನ್ನು ಕೊಟ್ಟು ಒಂಟೆ ತರುತ್ತಾನೆ, ಆ ಒಂಟೆಯನ್ನು ಅದರ ಹಳೆಯ ಒಡೆಯನಿಗೇ ಮಾರುತ್ತಾನೆ, ವಿಚಾರಣೆಗೆ ಕರೆದ ನ್ಯಾಯಾಧೀಶನನ್ನು ತಂದೂರಿನೊಳಗೆ ತಳ್ಳುತ್ತಾನೆ, ಕೆಂಡ ಆರುವ ಮೊದಲು ಅದರಲ್ಲೇ ರೊಟ್ಟಿ ಸುಟ್ಟುಕೊಂಡು ತಿನ್ನುತ್ತಾನೆ. ಮಕ್ಕಳು ನಕ್ಕೂ ನಕ್ಕೂ ಬೆಂಚಿನಿಂದ ಬೀಳುತ್ತಾರೆ. ಆಟಗಳಿಗೆ ಅನುಮತಿ ಕೊಡುವ ಪರಿಶೀಲನಾ ಸಮಿತಿ ಮಾತ್ರ ನಗಲಿಲ್ಲ. ನಾಯಕ ಮೆಚ್ಚುವಂಥವನಾಗಿರಬೇಕು, ಇಲ್ಲವೇ ಕೊನೆಯಲ್ಲಿ ತಿದ್ದಿಕೊಳ್ಳಬೇಕು. ಎರಡೂ ಆಗದಿದ್ದರೆ ವಸಂತದ ಹಬ್ಬ ಮುಗಿದ ಮೇಲೆ ಬೊಂಬೆಯನ್ನು ವಸ್ತುಸಂಗ್ರಹಾಲಯದ ಗಾಜಿನ ಕಪಾಟಿಗೆ ಕೊಡತಕ್ಕದ್ದು ಎಂದು ಬರೆದು ಕಳಿಸಿತು.

ಫರ್ಗಾನಾ ಕಣಿವೆಯ ನಮ್ಮ ಪುಟ್ಟ ಬೊಂಬೆಯಾಟದ ಮನೆಯಲ್ಲಿ ಸಾಹಿತ್ಯ ವಿಭಾಗವೆಂದರೆ ಒಂದು ಕುರ್ಚಿ, ಒಂದು ಚಹಾ ಕೆಟಲು ಮತ್ತು ನಾನು. ಪಶ್ಚಾತ್ತಾಪ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಕರಡಿನಲ್ಲಿ ತೆಶಾಬಾಯ್ ಅತ್ತೆಯ ಕಾಲಿಗೆ ಬಿದ್ದು ಅಳುತ್ತಾನೆ. ಬೊಂಬೆಯಾಡಿಸುವ ಗುರು, ಉಸ್ತಾ ತುರ್ದಾಲಿ, ಅರವತ್ತೊಂಬತ್ತರ ಮನುಷ್ಯ, ನಲವತ್ತೆಂಟು ವರ್ಷದಿಂದ ಅವನ ಬಲಗೈ ತೆಶಾಬಾಯ್‌ನ ಹೊಟ್ಟೆಯೊಳಗಿದೆ. ಬರೆದ ಹಾಗೆಯೇ ಬೊಂಬೆಯನ್ನು ಅಡ್ಡಬೀಳಿಸಿದ. ಎದ್ದಾಗ ಅದರ ಕಂಕುಳಲ್ಲಿ ಅತ್ತೆಯ ಚಪ್ಪಲಿಯಿತ್ತು.

"ಉಸ್ತಾ, ಇದನ್ನ ನಾನು ಬರ್ದಿಲ್ಲ."

"ನಾನೂ ಮಾಡ್ಲಿಲ್ಲ ದೊಮ್ಲಾ. ಕೈ ಮಾಡ್ತು."

ಊರಿನಲ್ಲಿ ನಾಲ್ಕಕ್ಷರ ಓದಿದವರನ್ನೆಲ್ಲ ದೊಮ್ಲಾ ಎನ್ನುತ್ತಾರೆ. ತುರ್ದಾಲಿ ಅಂದಾಗ ಮಾತ್ರ ಅದು ಬೈಗುಳದ ಹಾಗೆ ಕೇಳುತ್ತದೆ. ಎರಡನೆಯ ಕರಡಿನಲ್ಲಿ ತೆಶಾಬಾಯ್‌ನನ್ನು ಜೈಲಿಗೆ ಹಾಕಿದೆ. ಜೈಲಿನ ಬಾಗಿಲನ್ನು ಜೈಲಿನವನಿಗೇ ಮಾರಿದ. ಮೂರನೆಯದರಲ್ಲಿ ಅನಾಥರಿಗೆ ಅನ್ನ ಹಾಕಿಸಿದೆ. ಅನಾಥರ ತಟ್ಟೆಗಳು ಕಾಣೆಯಾದವು. ಐದನೆಯದಕ್ಕೆ ಬರುವಷ್ಟರಲ್ಲಿ ನನಗೆ ಪ್ರಾಮಾಣಿಕರನ್ನು ಕಂಡರೇ ಆಗುತ್ತಿರಲಿಲ್ಲ.

ಸಮಿತಿಯ ಅಧ್ಯಕ್ಷೆ ಸಲೊಮತ್ ಒಪಾ ಕರೆಸಿದರು. ಮೂವತ್ತು ವರ್ಷ ಮುಖ್ಯೋಪಾಧ್ಯಾಯಿನಿಯಾಗಿ ಊರಿಗೆಲ್ಲ ಒಪಾ, ಅಂದರೆ ಅಕ್ಕ, ಆದವರು.

"ಸುತ್ತಿ ಬಳಸಿ ಬೇಡ ದೊಮ್ಲಾ. ಈ ಮನುಷ್ಯ ಒಳ್ಳೆಯವನೋ ಕೆಟ್ಟವನೋ?"

"ಅವನು ಮರ, ಒಪಾ."

"ಜಾರ್ಕೋಬೇಡಿ. ನನ್ ಶಾಲೇಲಿ ಇಂಥವರು ಕೊನೇ ಬೆಂಚಲ್ಲಿ ಕೂರ್ತಿದ್ರು."

ಈಗವರು ಎಲ್ಲೆಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದಾರೆ ಎಂಬುದು ನಾಲಗೆಯ ತುದಿಗೆ ಬಂತು. ಚಹಾದ ಜೊತೆ ನುಂಗಿದೆ.

ಅಲ್ಲಿಂದ ನೇರ ತುರ್ದಾಲಿಯ ಮನೆಗೆ ಹೋಗಿ ಕೂಗಾಡಿದೆ. "ಒಂದ್ಸಲ! ಒಂದೇ ಒಂದ್ಸಲ ನಿನ್ ಕೈನ ಸುಮ್ನಿರಿಸಕ್ಕಾಗಲ್ವಾ? ಅವನನ್ನ ಕಪಾಟಿಗೆ ಹಾಕ್ತಾರೆ ಕಣಯ್ಯಾ!"

ತುರ್ದಾಲಿ ಬೊಂಬೆಯ ಮೂಗಿಗೆ ಬಣ್ಣ ಹಚ್ಚುತ್ತಿದ್ದ. "ಒಳ್ಳೇವ್ನಾಗಿ ಮಾಡಿದ್ರೂ ಕಪಾಟಿಗೆ ಹಾಕ್ದಂಗೇ ಅಲ್ವಾ? ನಮ್ಮಪ್ಪನ ಕೈಲೂ ಹಿಂಗೇ ಇದ್ದ. ಬೇಕಾದ್ರೆ ಸಾಯ್ಸಿ. ಸಾಯಕ್ಕೆ ಒಪ್ತಾನೆ, ತಿದ್ಕೊಳ್ಳಕ್ಕೆ ಒಪ್ಪಲ್ಲ."

ಅಷ್ಟು ಸಾಕಿತ್ತು ನನಗೆ. ಆರನೆಯ ಕರಡಿನಲ್ಲಿ, ಕದ್ದ ಕರಬೂಜ ಗಂಟಲಿಗೆ ಸಿಕ್ಕಿ ತೆಶಾಬಾಯ್ ಸತ್ತ.

ನಮ್ಮಲ್ಲಿ ಹೆಣದ ಮುಂದೆ ಪ್ರಾರ್ಥನೆ ಮುಗಿದ ಮೇಲೆ ಹಿರಿಯನೊಬ್ಬ ನೆರೆದ ಗಂಡಸರನ್ನು ಕೇಳುತ್ತಾನೆ: ಇವನು ಎಂಥ ಮನುಷ್ಯನಾಗಿದ್ದ? ಒಳ್ಳೇ ಮನುಷ್ಯ ಎಂದು ಎಲ್ಲರೂ ಒಟ್ಟಿಗೆ ಹೇಳುತ್ತಾರೆ. ಮೂರು ಸಲ ಕೇಳಿದರೆ ಮೂರು ಸಲವೂ ಅದೇ. ಸತ್ತವನು ಮೂವತ್ತು ವರ್ಷ ಪಕ್ಕದವನ ಕಾಲುವೆಯ ನೀರು ಕದ್ದಿರಲಿ, ಪಕ್ಕದವನೂ ಹಾಗೇ ಹೇಳುತ್ತಾನೆ. ನನ್ನ ಆಟದಲ್ಲಿ ಹಿರಿಯ ಬೊಂಬೆ ಈ ಪ್ರಶ್ನೆ ಕೇಳುತ್ತದೆ. ಸುತ್ತ ನಿಂತ ಬೊಂಬೆಗಳು ಬಾಯಿ ಬಿಡುವುದಿಲ್ಲ. ಆ ಮೌನವೇ ತೀರ್ಪು. ಸಮಿತಿಗೆ ನೀತಿ ಸಿಕ್ಕಿತು, ನನಗೆ ನಿದ್ದೆ ಸಿಕ್ಕಿತು ಅಂದುಕೊಂಡೆ.

ಪ್ರೇಕ್ಷಕರನ್ನು ಮರೆತಿದ್ದೆ.

ಪರೀಕ್ಷಾ ಪ್ರದರ್ಶನದ ದಿನ ಇನ್ನೂರು ಜನ. ಚಟ್ಟ ಬಂತು. ಹಿರಿಯ ಬೊಂಬೆ ಕೇಳಿತು: "ಜನರೇ, ಇವನು ಎಂಥ ಮನುಷ್ಯನಾಗಿದ್ದ?"

ಸಭೆಯಲ್ಲಿದ್ದ ಅಪ್ಪಂದಿರು, ಅಜ್ಜಂದಿರು, ಇಲಾಖೆಯ ಡ್ರೈವರು, ಎಲ್ಲರೂ ಟೋಪಿ ಸರಿಮಾಡಿಕೊಂಡು ಒಂದೇ ದನಿಯಲ್ಲಿ ಅಂದರು: "ಒಳ್ಳೇ ಮನುಷ್ಯ!"

ಬುದ್ಧಿಗೆ ಮುಂಚೆ ನಾಲಗೆ ಎದ್ದಿತ್ತು. ಪರದೆಯ ಹಿಂದೆ, 'ಎಲ್ಲರೂ ಮೌನ' ಎಂದು ನಾನೇ ಬರೆದ ಹಾಳೆ ಹಿಡಿದು, ನಾನೂ ಕೂಗಿದ್ದೆ.

ಆ ಪ್ರಾರ್ಥನೆಗೆ ನಮ್ಮ ಹೆಂಗಸರು ಹೋಗುವುದಿಲ್ಲ, ಮನೆಯಲ್ಲೇ ಅಳುತ್ತಾರೆ. ಹಾಗಾಗಿ ಅವರ ನಾಲಗೆಯನ್ನು ಯಾರೂ ಪಳಗಿಸಿಲ್ಲ. ಮುದುಕಿಯೊಬ್ಬಳು ಎದ್ದು ನಿಂತಳು.

"ಯಾರು, ಇವ್ನಾ? ಅತ್ತೇನ ಮಾರ್ದೋನು ಒಳ್ಳೇವ್ನಾ? ನಾಚ್ಕೆ ಆಗಲ್ವೇನ್ರೋ!"

"ಬಿಡಿ ಅಜ್ಜಿ, ಅವ್ರಿಗೆ ಹೊಟ್ಟೆಕಿಚ್ಚು! ಇವ್ರಲ್ಲಿ ಒಬ್ರಿಗೂ ಒಂಟೆ ಕೊಡೋರು ಸಿಕ್ಲಿಲ್ಲ!" ಹಿಂದಿನಿಂದ ಇನ್ನೊಬ್ಬಳ ದನಿ ಬಂತು.

ತುರ್ದಾಲಿ ಹಿರಿಯ ಬೊಂಬೆಯಿಂದ ಎರಡನೆಯ ಸಲ ಕೇಳಿಸಿದ. ಒಮ್ಮೆ ಆಡಿದ ಮಾತು ಹಿಂತೆಗೆಯುವ ಹಾಗಿಲ್ಲ ನೋಡಿ, ಗಂಡಸರು ಇನ್ನೂ ಜೋರಾಗಿ ಒಳ್ಳೇ ಮನುಷ್ಯ ಅಂದರು. ಹೆಂಗಸರು ಕಳ್ಳ, ಕೊಲೆಗಾರ, ಮನೆಹಾಳ ಅಂದರು. ಮೂರನೆಯ ಸಲಕ್ಕೆ ಮೊದಲ ಸಾಲಿನಿಂದ ಸಲೊಮತ್ ಒಪಾ ಎದ್ದು, ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಬೆರಳು ಚಾಚಿದರು.

"ಪಾಪಿ! ಯಾರಿಂದ್ಲೂ ತಿದ್ದಕ್ಕಾಗದ ಪಾಪಿ!"

ಚಟ್ಟದಿಂದ ತೆಶಾಬಾಯ್ ತಲೆಯೆತ್ತಿದ. ಗಂಡಸರ ಕಡೆ ಎದೆಗೆ ಕೈಯಿಟ್ಟು ಬಾಗಿದ, ಒಪಾಗೆ ಕೈ ಕಣ್ಣಿಗೊತ್ತಿಕೊಂಡು ನಮಸ್ಕರಿಸಿದ, ಹಿರಿಯನ ಮುಂಡಾಸು ಕಿತ್ತುಕೊಂಡು ಓಡಿದ. ಅದನ್ನೂ ನಾನು ಬರೆದಿರಲಿಲ್ಲ. ಒಪಾ ತಲೆವಸ್ತ್ರದ ಚುಂಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಆಮೇಲೆ ಆಟಕ್ಕೆ ಅನುಮತಿ ಕೊಡುವ ಕಾಗದ ತರಿಸಿದರು.

"ತಿದ್ದಕ್ಕಾಗಲ್ಲ ಅಂತ ಇನ್ನೂರು ಜನರ ಮುಂದೆ ನಾನೇ ಅಂದ್ಬಿಟ್ಟೆನಲ್ಲ, ದೊಮ್ಲಾ. ಇನ್ನು ತಿದ್ದಿ ಅಂತ ಯಾವ್ ಬಾಯಲ್ಲಿ ಬರೀಲಿ?" ಸಹಿ ಹಾಕಿದರು. "ಆದ್ರೆ ಆ ಗಂಡಸರನ್ನ ತಿದ್ದಬೌದು. ಅದಕ್ಕೊಂದು ಆಟ ಬರೀರಿ."

ಕಪಾಟು ತಪ್ಪಿತು ಎಂದು ಹೇಳಲು ಹೋದರೆ ತುರ್ದಾಲಿ ಬಕೆಟ್ಟಿನಲ್ಲಿ ಅಂಟು ಕಲಸುತ್ತಿದ್ದ. ತಂದೂರಿಗೆ ಬಿದ್ದೂ ಬಿದ್ದೂ ನ್ಯಾಯಾಧೀಶನ ತಲೆ ಸೀಳಿತ್ತು, ಅಂಟಿನಲ್ಲಿ ಕಾಗದ ನೆನೆಸಿ ಹೊಸದು ಮಾಡಬೇಕಿತ್ತು.

"ಹಳೇ ಕಾಗದ ಏನಾರ ಐತಾ ದೊಮ್ಲಾ?"

ಐದು ಪಶ್ಚಾತ್ತಾಪ, ಒಂದು ಸಾವು. ಬೇಡವೆಂದು ಹೇಳುವ ಮೊದಲೇ ನನ್ನ ಕಂಕುಳಿನ ಕಟ್ಟು ಬಕೆಟ್ಟಿನಲ್ಲಿತ್ತು. ಈಗ ವಾರಕ್ಕೆ ಮೂರು ಸಲ ತೆಶಾಬಾಯ್ ಅವನ್ನೆಲ್ಲ ಒಟ್ಟಿಗೆ ತಂದೂರಿಗೆ ತಳ್ಳುತ್ತಾನೆ.