ಎಂಟು ಹೆಜ್ಜೆಯ ವಾಚು

ಸಾರ್ಫೊ ಕಳ್ಳನಲ್ಲ, ಮೋಸಗಾರನೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರು ಕುಮಾಸಿಯಲ್ಲಿ ಈ ಕಥೆಯನ್ನು ಅರ್ಧ ಕೇಳಿದವರೆಲ್ಲ ಅವನನ್ನು ಎರಡೂ ಮಾಡಿ ಕೂರಿಸಿದ್ದಾರೆ. ನಕಲಿ ವಾಚು ಕಟ್ಟಿಕೊಂಡು ಅಸಲಿ ಅಂತ ಮೆರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಚರ್ಚಿನ ಮೊದಲ ಸಾಲಿನಲ್ಲೇ ನಾಲ್ಕು ಮಂದಿ ಸಿಗುತ್ತಾರೆ. ಸಾರ್ಫೊ ಹಾಗಲ್ಲ. ಯಾರಾದರೂ "ಅಬ್ಬಾ, ಏನು ವಾಚು ಮಾರಾಯ!" ಅಂದರೆ ಸಾಕು, "ನಕಲಿ ಕಣೋ, ಗ್ವಾಂಗ್‌ಝೌದಿಂದ ತರಿಸಿದ್ದು, ಮುಳ್ಳು ಮಾತ್ರ ನಾನೇ ಬದಲಾಯಿಸಿದ್ದು" ಅಂತ ಅವನೇ ಶುರು ಹಚ್ಚಿಕೊಳ್ಳುತ್ತಿದ್ದ. ಆಮೇಲೆ ಕೇಳಿದವನಿಗೆ ತಪ್ಪಿಸಿಕೊಳ್ಳಲು ದಾರಿ ಇರುತ್ತಿರಲಿಲ್ಲ.

ಹುಡುಗರ ಹೈಸ್ಕೂಲಿನಲ್ಲಿ ಅವನು ತಾಂತ್ರಿಕ ಚಿತ್ರಕಲೆಯ ಮೇಷ್ಟ್ರು. ಅಳೆಯುವುದೇ ಕಸುಬು. ಚೀನಾದ ಮಾರಾಟಗಾರ ವಾಚನ್ನು ಪೆಟ್ಟಿಗೆಗೆ ಹಾಕುವ ಮೊದಲು ಫೋಟೊ ಕಳಿಸುತ್ತಾನಲ್ಲ, ಅದನ್ನು ದೊಡ್ಡದು ಮಾಡಿ ಅದರ ಮೇಲೆ ಗೆರೆ ಎಳೆದು ಕೂರುತ್ತಿದ್ದ. ಹನ್ನೆರಡರ ಗುರುತು ಕೂದಲೆಳೆಯಷ್ಟು ಎಡಕ್ಕಿದೆ, ಬೇಡ. ತಾರೀಖಿನ ಅಂಕಿ ಕಿಟಕಿಯಲ್ಲಿ ಕೆಳಗೆ ಕೂತಿದೆ, ಬೇಡ. ಮೂರು ಸಲ ವಾಪಸ್ಸು ಕಳಿಸಿದ ಮೇಲೆ ಆ ಮಾರಾಟಗಾರ, "ಗುರುಗಳೇ, ಅಸಲಿಯಲ್ಲೂ ಇಷ್ಟು ನೋಡಲ್ಲ" ಅಂತ ಬರೆದಿದ್ದನಂತೆ. ಅದನ್ನು ಸಾರ್ಫೊ ಪ್ರಶಸ್ತಿ ಪತ್ರದ ಹಾಗೆ ಎಲ್ಲರಿಗೂ ತೋರಿಸುತ್ತಿದ್ದ. ವಾಚು ಕೈಗೆ ಬಂದ ಮೇಲೆ ಇನ್ನೊಂದು ಆಟ. ಹೊಸದನ್ನು ಹಳೆಯದು ಮಾಡುವುದು. ಡಯಲನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಓವನ್ನಿನಲ್ಲಿ ಇಡುವುದು, ಅಂಚನ್ನು ಮರಳುಕಾಗದದಲ್ಲಿ ತಿಕ್ಕುವುದು. "ಈ ಮನೆಯಲ್ಲಿ ಮೀನಿಗಿಂತ ವಾಚು ಜಾಸ್ತಿ ಬೇಯುತ್ತೆ" ಅಂತ ಅವನ ಹೆಂಡತಿ ಗೊಣಗುತ್ತಿದ್ದಳು.

ಅವನ ಜೀವಮಾನದ ಕೆಲಸ ಅಂದರೆ ಸೋದರಮಾವನ ವಾಚಿಗೆ ಮಾಡಿದ ತದ್ರೂಪಿ ಜೋಡಿ. ಅಶಾಂಟಿ ಅನ್ನುವ ನಮ್ಮ ಜನಾಂಗದಲ್ಲಿ ಅಳಿಯಸಂತಾನ. ಅಪ್ಪ ಅಪ್ಪನೇ, ಆದರೆ ಮನುಷ್ಯನಿಗೆ ಬೇರು ಅಂತ ಇರುವುದು ಸೋದರಮಾವನ ಮನೆಯಲ್ಲಿ. ಸಾರ್ಫೊನ ಸೋದರಮಾವ ಆದೋಮಾಕೊ ಹಡಗಿನಲ್ಲಿ ಅಡುಗೆಯವನಾಗಿದ್ದವನು. ಹರೆಯದಲ್ಲಿ ಹ್ಯಾಂಬರ್ಗಿನಲ್ಲಿ ಎಂಟು ತಿಂಗಳ ಸಂಬಳ ಸುರಿದು ಒಂದು ಸ್ವಿಸ್ ವಾಚು ಕೊಂಡು, ಬೆನ್ನಿನ ಮುಚ್ಚಳದ ಮೇಲೆ ತನ್ನ ಹೆಸರು ಕೆತ್ತಿಸಿಕೊಂಡಿದ್ದ. ಐವತ್ತು ವರ್ಷ ಅದು ಅವನ ಕೈ ಬಿಟ್ಟಿರಲಿಲ್ಲ. ಸಂಜೆಯಾದರೆ ಬಿಚ್ಚಿ, ಅಂಗೈಯಲ್ಲಿ ಒಂದು ಸಲ ತೂಗಿ, ಕಿವಿಗೆ ಹಿಡಿದು, "ಇದೆ, ಇನ್ನೂ ನಡೀತಿದೆ" ಅನ್ನುತ್ತಿದ್ದ. ವಾಚಿನ ಬಗ್ಗೆ ಹೇಳುತ್ತಿದ್ದನೋ ತನ್ನ ಬಗ್ಗೆಯೋ, ದೇವರಿಗೇ ಗೊತ್ತು.

ಹೋದ ವರ್ಷ ಎಣ್ಣೆ ಹಾಕಿಕೊಡುತ್ತೇನೆಂದು ಸಾರ್ಫೊ ಆ ವಾಚನ್ನು ಮನೆಗೆ ತಂದ. ಎಣ್ಣೆಯನ್ನೂ ಹಾಕಿದ, ಸುಳ್ಳಲ್ಲ. ಜೊತೆಗೆ ತನ್ನ ಒಂದು ನಕಲಿಯನ್ನು ಪಕ್ಕಕ್ಕಿಟ್ಟು ಒಂದೊಂದು ಗೀರನ್ನೂ ನೋಡಿ ನೋಡಿ ಇಳಿಸಿದ. ಬೆನ್ನಿನ ಮುಚ್ಚಳದ ಮೇಲಿನ ಹೆಸರನ್ನು ಕೂಡ ತಾನೇ ಕೆತ್ತಿದ. ನಾಳೆ ತನಗೇ ಗೊಂದಲ ಆಗಬಾರದಲ್ಲ, ಅದಕ್ಕೆ ನಕಲಿಯ ಮುಚ್ಚಳದ ಅಂಚಿನಲ್ಲಿ ಸೂಜಿಮೊನೆಯಷ್ಟು ಒಂದು ಚುಕ್ಕೆ ಹಾಕಿದ. ಚುಕ್ಕೆ ಇದ್ದದ್ದು ನಕಲಿ, ಇಲ್ಲದ್ದು ಅಸಲಿ. ಅಷ್ಟು ಸಾಕಾಗಲಿಲ್ಲ ಪುಣ್ಯಾತ್ಮನಿಗೆ. ಅಸಲಿ ಮುಚ್ಚಳ ತನ್ನ ಜೋಡಿಯ ಮೇಲೆ ಹೇಗೆ ಕಾಣುತ್ತದೆ ಅಂತ ನೋಡುವ ಚಪಲ. ಎರಡರ ಮುಚ್ಚಳವನ್ನೂ ಅದಲು ಬದಲು ಮಾಡಿ, ಫೋಟೊ ತೆಗೆದು, ಲಾಗೋಸಿನಿಂದ ನೈರೋಬಿವರೆಗೆ ಹರಡಿದ ತನ್ನ ವಾಚು ಗೆಳೆಯರ ಬಳಗಕ್ಕೆ ಕಳಿಸಿದ. "ಯಾವುದು ಅಸಲಿ ಹೇಳ್ರೋ!" ಅಂತ ಸವಾಲು ಬೇರೆ. ಅವರು ಜಗಳವಾಡುತ್ತಿರುವಾಗಲೇ ಮಾವನ ಜೊತೆಗಿದ್ದ ಅವನ ತಂಗಿ ಸೆರ್ವಾ ಚಿಕ್ಕಮ್ಮನ ಫೋನು ಬಂತು. ಮಾವನಿಗೆ ಲಕ್ವ ಹೊಡೆದು ಬಚ್ಚಲಲ್ಲಿ ಬಿದ್ದಿದ್ದಾನೆ.

ಸಾರ್ಫೊ ಮಾವನ ವಾಚನ್ನು ಜೇಬಿಗೆ ಹಾಕಿಕೊಂಡು ಓಡಿದ. ಆಸ್ಪತ್ರೆಯಲ್ಲಿ ಮಾವನ ಎಡಗೈಗೆ ಅದನ್ನು ಕಟ್ಟಿದ. ಮುಚ್ಚಳದ ವಿಷಯ ಆ ಗಾಬರಿಯಲ್ಲಿ ತಲೆಯಿಂದ ಹಾರಿಯೇ ಹೋಯಿತು.

ಆದೋಮಾಕೊ ಬದುಕಿದ. ಬಲಭಾಗ ಪೂರ್ತಿ ಹೋಯಿತು, ಮಾತು ಹೋಯಿತು. ಬುದ್ಧಿ ಮಾತ್ರ ಹೋಗಲಿಲ್ಲ, ಅದೇ ಕಷ್ಟ. ಎಲ್ಲ ತಿಳಿಯುತ್ತದೆ, ಒಂದನ್ನೂ ಹೇಳುವಂತಿಲ್ಲ. ಸಂಜೆಯಾದರೆ ಚಡಪಡಿಸಲು ಶುರು ಮಾಡುತ್ತಿದ್ದ. ಸೆರ್ವಾ ಚಿಕ್ಕಮ್ಮ ವಾಚು ಬಿಚ್ಚಿ ಅವನ ಎಡ ಅಂಗೈಗೆ ಕೊಟ್ಟರೆ, ತೂಗಿ, ಕಿವಿಗೆ ಹಿಡಿದು, ಕಣ್ಣು ಮುಚ್ಚುತ್ತಿದ್ದ. ಆ ಸದ್ದು ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತಿದ್ದ. ಆ ಮನುಷ್ಯನಿಗೆ ಉಳಿದಿದ್ದ ಸುಖ ಅದೊಂದೇ.

ಆರು ತಿಂಗಳ ಹಿಂದೆ ಆದೋಮಾಕೊನ ತಮ್ಮ ದಪಾ ತೀರಿಕೊಂಡ. ನಮ್ಮಲ್ಲಿ ಸತ್ತವರನ್ನು ಬರಿಗೈಯಲ್ಲಿ ಮಲಗಿಸುವುದಿಲ್ಲ. ಶನಿವಾರ ಬೆಳಗ್ಗೆ ಹಿತ್ತಾಳೆಯ ಮಂಚದ ಮೇಲೆ ಮದುಮಗನ ಹಾಗೆ ಸಿಂಗರಿಸುತ್ತಾರೆ. ಉಂಗುರ, ಸರ, ವಾಚು ಎಲ್ಲ ಬಂಧುಗಳು ಕೊಟ್ಟದ್ದು. ಶವಪೆಟ್ಟಿಗೆ ಮುಚ್ಚುವ ಮೊದಲು ಬಿಚ್ಚಿ ಅವರವರಿಗೆ ವಾಪಸ್ಸು ಕೊಡುವುದು ಪದ್ಧತಿ.

"ಅಣ್ಣನ ವಾಚು ತಮ್ಮನ ಕೈಮೇಲಿರಬೇಕು" ಅಂದಳು ಸೆರ್ವಾ ಚಿಕ್ಕಮ್ಮ. "ಆದರೆ ಹೀಗೇ ಬೇಡ ಸಾರ್ಫೊ, ಫಳಫಳ ಅನ್ನೋ ಹಾಗೆ ತೊಳೆದು ತಾ. ದಪಾನ ಹೆಂಡತಿ ಕಡೆಯೋರು ಮೂಗು ಮುರಿಬಾರದು."

ಆದೋಮಾಕೊ ಎಡಗೈಯನ್ನು ತಾನಾಗಿಯೇ ಚಾಚಿದ. ವಾಚು ಬಿಚ್ಚಿಸಿಕೊಂಡ ಮೇಲೆ ಅಳಿಯನ ಮುಂಗೈಯನ್ನು ಒಂದು ಸಲ ಗಟ್ಟಿಯಾಗಿ ಹಿಡಿದ.

"ಗೊತ್ತಾಯ್ತು ಮಾವ. ನಾನೇ ತಗೊಂಡು ಹೋಗಿ ನಾನೇ ವಾಪಸ್ ತರ್ತೀನಿ. ಯೋಚನೆ ಮಾಡ್ಬೇಡಿ" ಅಂದ ಸಾರ್ಫೊ.

ಹಿಂದಿನ ವರ್ಷ ಇಂಥದ್ದೇ ಗಲಾಟೆಯಲ್ಲಿ ಯಾರದೋ ಉಂಗುರ ಮಾಯವಾಗಿತ್ತು. ಹಾಗಾಗಿ ಸಾರ್ಫೊಗೆ ಒಂದು ಭಾರಿ ಉಪಾಯ ಹೊಳೆಯಿತು. ಜೋಡಿ ಇದೆಯಲ್ಲ! ಸತ್ತವನ ಕೈಗೆ ಜೋಡಿ, ಅಸಲಿ ತನ್ನ ಜೇಬಿನಲ್ಲಿ ಭದ್ರ. ಕದ್ದರೆ ಕದ್ದುಕೊಳ್ಳಲಿ ಬಿಡು. ಮಾವನಿಗೂ ತಿಳಿಯುವುದಿಲ್ಲ, ನೊಂದುಕೊಳ್ಳುವುದಿಲ್ಲ. ಶುಕ್ರವಾರ ಸಂಜೆ ಎರಡನ್ನೂ ಪಕ್ಕದ ಕೀಲಿ ಎಳೆದು ಮುಳ್ಳು ನಿಲ್ಲಿಸಿ, ಪಟ್ಟಿ ಬಿಚ್ಚಿ, ಒಂದೇ ಬಟ್ಟಲಿನಲ್ಲಿ ಬ್ರಷ್ ಹಾಕಿ ತೊಳೆಯುತ್ತಿದ್ದ. ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ ಎರಡನ್ನೂ ಬಟ್ಟೆಯ ಮೇಲೆ ಎತ್ತಿಟ್ಟ. ಮತ್ತೆ ಬೆಳಕು ಬಂದಾಗ ಯಾವುದು ಯಾವುದೆಂದು ಕಣ್ಣಿಗೆ ತಿಳಿಯಲಿಲ್ಲ. ಅಯ್ಯೋ ಅನ್ನಲಿಲ್ಲ ಆಸಾಮಿ, ಹೆಮ್ಮೆಯಿಂದ ನಕ್ಕ. ಭೂತಗನ್ನಡಿ ಹಿಡಿದ, ಚುಕ್ಕೆ ಹುಡುಕಿದ, ಚುಕ್ಕೆ ಇದ್ದದ್ದನ್ನು ದಪಾನಿಗೆ ಅಂತ ತೆಗೆದಿಟ್ಟ. ಕೀಲಿ ಒತ್ತಿ ಒಂದು ಸಲ, ಒಂದೇ ಒಂದು ಸಲ, ನಡೆಸಿ ನೋಡಿದ್ದರೆ ಸಾಕಿತ್ತು. ಆದರೆ ತಾನೇ ಇಟ್ಟ ಗುರುತಿನ ಮೇಲೆ ಅನುಮಾನ ಪಡುವವನು ಮೇಷ್ಟ್ರು ಹೇಗಾದಾನು?

ಮರುದಿನ ಕೆಂಪು ಕಪ್ಪು ಬಟ್ಟೆಯ ಜನಸಾಗರ. ದಪಾನ ಕೈಮೇಲೆ ವಾಚು ಝಗಝಗ ಹೊಳೆಯುತ್ತಿತ್ತು. ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಹೆಂಗಸರು ಉಂಗುರ, ಸರಗಳನ್ನು ಬಿಚ್ಚಿದರು. ವಾಚಿಗೆ ಕೈ ಹಾಕಿದಾಗ ಮನೆತನದ ಯಜಮಾನ, ಹಿರಿಯ ಅಂಪೊಫೊ, ಕೋಲೆತ್ತಿ ತಡೆದ.

"ಬೇಡ, ಇರಲಿ! ಆದೋಮಾಕೊಗೆ ಮಾತಿಲ್ಲ, ಅವನ ಪರವಾಗಿ ನಾನು ಹೇಳ್ತೀನಿ. ಐವತ್ತು ವರ್ಷ ಅಣ್ಣನ ಕೈಲಿದ್ದದ್ದು ತಮ್ಮನ ಜೊತೆ ಹೋಗಲಿ. ಇದು ಈ ಮನೆಯ ಕೊನೆಯ ಉಡುಗೊರೆ!"

ಜನ ಹೋ ಅಂದರು, ಡೋಲು ಮೊಳಗಿತು. ದಪಾನ ಮಕ್ಕಳು ಅತ್ತರು. ಗಾಲಿಕುರ್ಚಿಯಲ್ಲಿ ಕೂತಿದ್ದ ಆದೋಮಾಕೊನ ಗಂಟಲಿನಿಂದ ಒಂದು ಸದ್ದು ಬಂತು. ಎಲ್ಲರೂ ಅದನ್ನು ದುಃಖ ಅಂದುಕೊಂಡರು. ಸಾರ್ಫೊ ಮಾತ್ರ ಬಗ್ಗಿ ಮಾವನ ಕಿವಿಯಲ್ಲಿ, "ಸುಮ್ನಿರಿ ಮಾವ, ನಿಮ್ಮದು ನನ್ನ ಜೇಬಲ್ಲಿದೆ" ಅಂದ. ಎಂಥ ಖುಷಿ ಅವನಿಗೆ! ಇಡೀ ಊರನ್ನು ಒಂದು ಚುಕ್ಕೆಯಲ್ಲಿ ಗೆದ್ದಿದ್ದ. ಗೋರಿಯ ಮೇಲೆ ಕಾಂಕ್ರೀಟು ಸುರಿಯುವವರೆಗೂ ನಿಂತು ನೋಡಿದ.

ಮಾವನ ಮನೆಗೆ ಬಂದು, ಅವನ ಕೋಣೆಯ ಬಾಗಿಲು ಹಾಕಿ, ಜೇಬಿನಿಂದ ವಾಚು ತೆಗೆದು ಕೀಲಿ ಒತ್ತಿ ಮಾವನ ಅಂಗೈಯಲ್ಲಿಟ್ಟ. ಮಾವ ತೂಗಿದ. ಮತ್ತೊಮ್ಮೆ ತೂಗಿದ. ಕಿವಿಗೆ ಹಿಡಿದ. ಆಮೇಲೆ ಅದನ್ನು ಅಳಿಯನ ಕೈಗೆ ವಾಪಸ್ಸು ಕೊಟ್ಟು, ಖಾಲಿ ಅಂಗೈಯನ್ನು ಚಾಚಿದ. ನನ್ನದು ಕೊಡು.

"ಇದೇ ಮಾವ ನಿಮ್ಮದು" ಅನ್ನುತ್ತ ಸಾರ್ಫೊ ಸೆಕೆಂಡಿನ ಮುಳ್ಳಿನ ಕಡೆ ನೋಡಿದ. ಮಾವನ ಹಳೆಯ ಮಷೀನು ಸೆಕೆಂಡಿಗೆ ಐದು ಹೆಜ್ಜೆ ಇಡುತ್ತಿತ್ತು, ಕುಂಟುವ ಮುದುಕನ ಹಾಗೆ. ಚೀನಾದ್ದು ಎಂಟು ಹೆಜ್ಜೆ. ಕಣ್ಣೆದುರಿನ ಮುಳ್ಳು ಎಣ್ಣೆ ಹಚ್ಚಿದಂತೆ ಜಾರುತ್ತಿತ್ತು. ಆಗ ನೆನಪಾಯಿತು, ಅದಲು ಬದಲಾದ ಮುಚ್ಚಳ. ಚುಕ್ಕೆಯ ಮುಚ್ಚಳ ಹೊತ್ತ ಅಸಲಿ ಈಗ ಕಾಂಕ್ರೀಟಿನ ಕೆಳಗಿತ್ತು.

ಸೋಮವಾರ ಹಿರಿಯ ಅಂಪೊಫೊನ ಬಳಿ ಹೋಗಿ ಚಪ್ಪಲಿ ಬಿಟ್ಟು, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಒಪ್ಪಿಕೊಂಡ. ಮುದುಕ ತಾಳೆಹಣ್ಣಿನ ಸಾರಿನಲ್ಲಿ ಫುಫು ಮುದ್ದೆ ಅದ್ದುತ್ತಿದ್ದವನು ಕೈಯನ್ನು ಅಲ್ಲೇ ನಿಲ್ಲಿಸಿದ.

"ಅಂದ್ರೆ ಹೆಣಕ್ಕೆ ನಕಲಿ ಕಟ್ಟೋಕೆ ಹೊರಟಿದ್ದೆ ನೀನು?"

"ತಪ್ಪಾಯ್ತು ಅಜ್ಜ."

"ಆದರೆ ಅಸಲಿಯೇ ಹೋಯ್ತು."

"ಹೂಂ."

"ಮತ್ತೇನು? ನಾನು ಊರ ಮುಂದೆ ಏನು ಹೇಳಿದ್ನೋ ಅದೇ ಆಯ್ತಲ್ಲ! ಈಗ ಗೋರಿ ಒಡೆಸಿ, ಸತ್ತವನ ಕೈಯಿಂದ ಕಿತ್ತುಕೊಂಡು, ನನ್ನ ಮಾತನ್ನ ಸುಳ್ಳು ಮಾಡ್ಬೇಕಾ? ದಪಾನ ಮಕ್ಕಳಿಗೆ ಏನಂತ ಹೇಳ್ಲಿ? ನಿಮ್ಮಪ್ಪನಿಗೆ ಕೊಟ್ಟಿದ್ದು ಕಣ್ತಪ್ಪಿನಿಂದ ಅಂತಾನಾ?"

"ಮಾವ ಸಂಜೆಯಾದ್ರೆ ಕೈ ಚಾಚ್ತಾರೆ ಅಜ್ಜ. ನನ್ನ ಕೈಲಿ ನೋಡೋಕಾಗ್ತಿಲ್ಲ."

"ನೋಡು" ಅಂದ ಮುದುಕ. "ನೋಡೋದೇ ನಿನಗೆ ಬಿದ್ದಿರೋ ದಂಡ. ಎದ್ದು ಹೋಗು, ಇನ್ನೊಬ್ಬರ ಕಿವಿಗೆ ಇದು ಬಿದ್ದರೆ ನೀನು ಈ ಮನೆಯವನೇ ಅಲ್ಲ."

ಸಂಜೆ ಸಂಜೆಯೂ ಅದೇ. ತೂಗುವುದು, ಕೇಳುವುದು, ಹಿಂದಕ್ಕೆ ಕೊಡುವುದು, ಕೈ ಚಾಚುವುದು. ನಿದ್ದೆಯಿಲ್ಲದೆ ಆದೋಮಾಕೊನ ಕಣ್ಣು ಗುಳಿ ಬಿದ್ದವು. "ಇದೇನು ಹಟ ಅಣ್ಣಂದು? ಕೊಟ್ಟರೂ ಬೇಡ ಅಂತಾನೆ, ಮತ್ತೆ ಬೇಕು ಅಂತಾನೆ. ಬುದ್ಧಿಗೂ ಲಕ್ವ ಹೊಡೀತೇನೋ" ಅನ್ನುತ್ತಿದ್ದಳು ಸೆರ್ವಾ ಚಿಕ್ಕಮ್ಮ. ತಮ್ಮನ ಜೊತೆ ಹೋದ ವಾಚಿನ ಬದಲಿಗೆ ಅಳಿಯ ಅಂಥದ್ದೇ ಒಂದು ತಂದುಕೊಟ್ಟಿದ್ದಾನೆ ಅಂತ ಅವಳು ನಂಬಿದ್ದಳು. ಆ ಅಂಗೈಯ ಭಾಷೆ ಗೊತ್ತಿದ್ದವನು ಒಬ್ಬನೇ, ಅವನ ಬಾಯಿಗೆ ಬೀಗ ಬಿದ್ದಿತ್ತು.

ಉಳಿದದ್ದು ಕೈಚಳಕ ಒಂದೇ. ಕೆಜೆಟಿಯಾ ಮಾರುಕಟ್ಟೆಯಲ್ಲಿ ವಾಚು ರಿಪೇರಿ ಮಾಡುವ ಗೆಳೆಯ ಬೆದಿಯಾಕೊನ ಡಬ್ಬಿಗಳನ್ನೆಲ್ಲ ಸಾರ್ಫೊ ಸೋಸಿದ.

"ಐದು ಹೆಜ್ಜೆಯ ಸ್ವಿಸ್ ಮಷೀನು ಬೇಕು ಕಣೋ, ಆ ಕಾಲದ್ದೇ."

"ಯಾರಿಗೆ ಟೋಪಿ ಹಾಕೋಕೆ?" ಅಂತ ಬೆದಿಯಾಕೊ ನಕ್ಕ.

ಸಾರ್ಫೊ ನಗಲಿಲ್ಲ. ಹಿಂದೆ ಯಾರಿಗೂ ಟೋಪಿ ಹಾಕದವನು ಈಗ ಒಬ್ಬನೇ ಒಬ್ಬ ಮುದುಕನಿಗೆ ಹಾಕಲು ಎರಡು ತಿಂಗಳು ಕಣ್ಣು ಸವೆಸಿದ. ಮಷೀನು ಕೂರುವಂತೆ ಒಳಗಿನ ಉಂಗುರವನ್ನು ಅರದಲ್ಲಿ ಕೈಯಿಂದಲೇ ಉಜ್ಜಿದ. ಅಸಲಿಗಿಂತ ನಾಲ್ಕು ಗ್ರಾಂ ಕಮ್ಮಿ ಇದೆ ಅಂತ ಹಿತ್ತಾಳೆಯ ತಗಡು ಕೂರಿಸಿದ. ಮಾವನ ಅಸಲಿ ಮುಚ್ಚಳ ಹೇಗೂ ಇದರ ಬೆನ್ನಿಗೇ ಇತ್ತು. ಕಿವಿಗೆ ಹಿಡಿದರೆ ಅದೇ ಕುಂಟು ನಡಿಗೆ. ಅವನಿಗೇ ಅಳು ಬಂತು. ಜೀವನದಲ್ಲಿ ಇಷ್ಟು ಚೆನ್ನಾಗಿ ಏನನ್ನೂ ಮಾಡಿರಲಿಲ್ಲ.

ಮುಂದಿನ ಭಾನುವಾರ ಮನೆತನದವರೆಲ್ಲ ಸೇರಿದ್ದರು. ಹಿರಿಯ ಅಂಪೊಫೊನೂ ಇದ್ದ. ಎಲ್ಲರೆದುರಿಗೆ ಸಾರ್ಫೊ ಮಂಡಿಯೂರಿ ವಾಚನ್ನು ಮಾವನ ಅಂಗೈಗೆ ಇಟ್ಟ. ಮಾವ ತೂಗಿದ. ಕಿವಿಗೆ ಹಿಡಿದ. ಹಿಡಿದೇ ಇದ್ದ. ಕಣ್ಣು ಮುಚ್ಚಿಕೊಂಡವು, ಬಿಗಿದ ಮುಖ ಸಡಿಲಾಯಿತು. ಸಾರ್ಫೊ ಮನಸ್ಸಿನಲ್ಲೇ ಬೇಡಿಕೊಂಡ. ದೇವರೇ, ಇಷ್ಟು ಸಾಕು, ಇವರು ನಿದ್ದೆ ಹೋಗಲಿ.

ಆದೋಮಾಕೊ ಕಣ್ಣು ತೆರೆದ. ಅಳಿಯನನ್ನು ಬಹಳ ಹೊತ್ತು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅಯ್ಯೋ ಪಾಪ ಅನ್ನುವ ಹಾಗಿತ್ತು. ಆಮೇಲೆ ಸಾರ್ಫೊನ ಮುಂಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಒಂದೇ ಕೈಯಲ್ಲಿ ವಾಚನ್ನು ಅವನಿಗೆ ಕಟ್ಟಿದ. ಕೊಕ್ಕೆ ಎರಡು ಸಲ ಜಾರಿತು, ಮೂರನೆಯ ಸಲ ಕೂತಿತು. ನಿನ್ನದು, ನೀನೇ ಇಟ್ಟುಕೋ.

"ನೋಡಿದ್ರಾ!" ಅಂತ ಸೆರ್ವಾ ಚಿಕ್ಕಮ್ಮ ಕೂಗಿಕೊಂಡಳು. "ಅಣ್ಣ ವಾರಸುದಾರನನ್ನ ಆರಿಸಿದ! ಎಲ್ಲರ ಮುಂದೆ ಕೈಯಾರೆ ಕಟ್ಟಿದ!"

ಮನೆ ತುಂಬ ಚಪ್ಪಾಳೆ. ಯಾರೋ ಸಾರ್ಫೊನ ಬೆನ್ನು ತಟ್ಟಿದರು, ಯಾರೋ ಅವನ ಹಣೆಗೆ ಶುಭಕ್ಕೆಂದು ಬಿಳಿ ಪುಡಿ ಎರಚಿದರು. "ಆಯ್ತು, ಆಯ್ತು, ಮನೆತನ ಒಪ್ಪಿದೆ" ಅಂದ ಹಿರಿಯ ಅಂಪೊಫೊ, ಸಾರ್ಫೊನ ಮುಖ ನೋಡದೆ. ಸಾರ್ಫೊ ಬಾಯಿ ತೆರೆದ. ಮುದುಕ ಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಹೆಂಗಸರು ಹಾಡು ಎತ್ತಿಕೊಂಡರು. ಆ ಗದ್ದಲದ ನಡುವೆ ಆದೋಮಾಕೊ ಅಳಿಯನ ಮುಂದೆ ಖಾಲಿ ಅಂಗೈಯನ್ನು ಮತ್ತೆ ಚಾಚಿ ಕಾಯುತ್ತ ಕೂತಿದ್ದ.