ಹುಳ ಬಾರದ ದೀಪ

“ಇನ್ನು ನೋಡಿ ಅತ್ತೆ, ಒಂದೇ ಒಂದು ಹುಳ ಬಂದ್ರೆ ನನ್ನ ಕಸುಬು ಬಿಡ್ತೀನಿ!”

ಅಳಿಯ ಏಣಿಯ ಮೇಲಿಂದಲೇ ಘೋಷಿಸಿದ. ಊರಿನ ಅರ್ಧ ಮನೆಗಳಿಗೆ ವೈರು ಎಳೆದ ಎಲೆಕ್ಟ್ರಿಷಿಯನ್ ಅವನು. ಸ್ವಂತ ಮನೆಯ ಹಿತ್ತಲಲ್ಲಿ ಮಾತ್ರ ತುದಿ ಕಪ್ಪಾದ ಹಳೇ ಟ್ಯೂಬ್‌ಲೈಟು ಪಿಳಿಪಿಳಿ ಎನ್ನುತ್ತಿತ್ತು. ತಮ್ಮ ಮನೆ ಬಿಟ್ಟು ಮಗಳ ಮನೆಗೆ ಬಂದ ಅತ್ತೆ ದಿನಾ ಸಂಜೆ ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಪಾಪ, ವಯಸ್ಸಾದವರು ಹುಳ ಕಡಿಸಿಕೊಂಡು ಕೂರುವುದು ಬೇಡವೆಂದು ಅವನು ಅಂಗಡಿಯಲ್ಲಿದ್ದುದರಲ್ಲೇ ದುಬಾರಿಯಾದ ಹಳದಿ ಎಲ್‌ಇಡಿ ತಂದು ಹಾಕಿದ್ದ.

“ತುಂಬಾ ಚೆನ್ನಾಗಿದೆ ಅಳಿಯಂದ್ರೇ,” ಎಂದರು ಅತ್ತೆ.

ದೀಪ ಮಾತು ಉಳಿಸಿಕೊಂಡಿತು, ಹುಳ ಬರಲಿಲ್ಲ. ದಿನ ಕಳೆದಂತೆ ಅತ್ತೆ ಹಿತ್ತಲಿಗೆ ಬರುವುದೂ ನಿಂತಿತು. ಒಂದು ಬೆಳಗ್ಗೆ ಚಹಾ ಕುಡಿಯುತ್ತಾ, “ನಾಳೆ ದೊಡ್ಡ ಮಗಳ ಮನೆಗೆ ಹೋಗ್ತೀನಿ. ಅಲ್ಲೇ ಇದ್ದುಬಿಡೋಣ ಅಂತ,” ಎಂದರು.

ಅವನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಹೆತ್ತ ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವನು. ಅತ್ತೆ ಬಂದ ಮೇಲೆ ಸಂಜೆ ಬೇಗ ಮನೆ ಸೇರುವ ಅಭ್ಯಾಸವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಅವನದಲ್ಲ. ಕೋಪ ಮಾತ್ರ ಮೂಗಿನ ತುದಿಯಲ್ಲೇ.

“ನಾನೇನು ಕಮ್ಮಿ ಮಾಡಿದೆ ನಿಮ್ಮಮ್ಮಂಗೆ?” ಎಂದು ಅಡುಗೆಮನೆಗೆ ಹೋಗಿ ಹೆಂಡತಿಯ ಮೇಲೆ ಹರಿಹಾಯ್ದ.

“ಕಮ್ಮಿ ಅಲ್ಲ, ಜಾಸ್ತಿ ಮಾಡಿದ್ರಿ. ಅಮ್ಮನ ಮಂಚದ ಕೆಳಗೆ ನೋಡಿ ಹೋಗಿ.”

ಬಗ್ಗಿ ನೋಡಿದ. ಅವನು ಕಸಕ್ಕೆಂದು ಎತ್ತಿಟ್ಟಿದ್ದ ಹಳೇ ಟ್ಯೂಬು ಮೆತ್ತನೆ ಹೊದಿಕೆಯಲ್ಲಿ ಎಳೆಗೂಸಿನ ಹಾಗೆ ಮಲಗಿತ್ತು.

“ಅಮ್ಮ ಅಲ್ಲಿ ಪತಂಗ ನೋಡೋಕೆ ಕೂರ್ತಿದ್ಲು ಕಣ್ರೀ,” ಎಂದಳು ಹಿಂದೆಯೇ ಬಂದ ಹೆಂಡತಿ. “ಜೀವಮಾನವೆಲ್ಲ ಬಟ್ಟೆ ಹೊಲಿದೋಳು, ಅವಕ್ಕೂ ಬಟ್ಟೆ ಹೆಸರೇ. ಕಂದು ಬಣ್ಣದ್ದು ಹಳೇ ಕಂಬಳಿ, ಅಂಚು ಹೊಳೆಯೋದು ಜರಿಯಮ್ಮ. ಕೆಳಗೆ ಬಿದ್ದ ಹುಳ ತಿನ್ನೋಕೆ ಒಂದು ಕಪ್ಪೆ ಬರ್ತಿತ್ತು, ಅದು ಬೀಗರು. ಊಟದ ಹೊತ್ತಿಗೆ ಸರಿಯಾಗಿ ಬಂದು, ಹೇಳದೆ ಕೇಳದೆ ಹೋಗ್ತಾರಂತೆ.”

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ?”

“ಅಳಿಯ ಪ್ರೀತಿಯಿಂದ ಹಾಕಿದ್ದು, ಬೇಡ ಅನ್ನೋಕೆ ಬಾಯಿ ಬರುತ್ತಾ? ಆ ಕಪ್ಪೆ ಖಾಲಿ ಗೋಡೆ ನೋಡ್ತಾ ಕೂತು ಕೂತು ಹೊರಟೇ ಹೋಯ್ತಂತೆ. ಅದನ್ನ ಹೇಳೋವಾಗ ಅವಳ ಕಣ್ಣಲ್ಲಿ ನೀರು.”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಅವತ್ತು ಮಧ್ಯಾಹ್ನವೇ ಕೆಲಸ ಬಿಟ್ಟು ಬಂದ. ಎಲ್‌ಇಡಿ ಕಳಚಿ, ಟ್ಯೂಬಿನ ಹಳೇ ಪಟ್ಟಿ ಬಿಗಿದು, ಹೊಸ ಚೋಕು, ಸ್ಟಾರ್ಟರ್ ಕೂರಿಸಿ, ಮಂಚದ ಕೆಳಗಿನ ಟ್ಯೂಬು ತಂದು ಸಿಕ್ಕಿಸಿದ. ಮುಸ್ಸಂಜೆಗೆ ಸ್ವಿಚ್ಚು ಒತ್ತಿದರೆ ಟ್ಯೂಬು ಒಂದೆರಡು ಸಲ ಗೊಣಗಿ, ಆಮೇಲೆ ಮನಸ್ಸು ಮಾಡಿ ಹತ್ತಿತು.

ಅತ್ತೆ ಬಾಗಿಲಿಗೆ ಬಂದರು. ಕುರ್ಚಿ ಎಳೆದುಕೊಂಡರು. ಮೊದಲು ನುಸಿ ಬಂದವು, ಆಮೇಲೆ ಹಳೇ ಕಂಬಳಿ ಬಂದು ಗೋಡೆಗೆ ಅಂಟಿತು. ಕತ್ತಲು ಇನ್ನಷ್ಟು ಕವಿದಾಗ ಅಂಗೈಯಗಲದ ಹಸಿರು ಪತಂಗವೊಂದು ಬೀಳುತ್ತಾ ಏಳುತ್ತಾ ಬಂದು ಅಳಿಯನ ಎದೆಯ ಮೇಲೆಯೇ ಕೂತಿತು.

“ಅಯ್ಯೋ, ಅಲ್ಲಾಡ್ಬೇಡ ಕಣೋ! ಇವಳು ಹೊಸಬಳು!”

ಇಷ್ಟು ದಿನ ಬಹುವಚನ ಬಿಟ್ಟು ಮಾತಾಡದ ಅತ್ತೆಗೆ ತಾವೇನೆಂದೆವೆಂಬ ಪರಿವೆಯೇ ಇರಲಿಲ್ಲ. ಅವನು ಉಸಿರು ಬಿಗಿಹಿಡಿದು ನಿಂತ. ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಯಾವ ಮನೆಯಲ್ಲಿ ಕರೆಂಟು ಹೋಗಿತ್ತೋ, ಇರಲಿ ಎಂದುಕೊಂಡ.

“ಬೀಗರು ಕಾಣ್ತಿಲ್ವಲ್ಲ ಅತ್ತೆ,” ಎಂದ ತುಟಿಯಷ್ಟೇ ಅಲ್ಲಾಡಿಸಿ.

“ಸುದ್ದಿ ಮುಟ್ಟೋಕೆ ನಾಲ್ಕು ದಿನ ಬೇಡ್ವೇ? ಬರ್ಲಿ, ಕಾಯೋಣ.” ಅತ್ತೆ ಒಳಗೆ ಕೂಗಿದರು: “ಲೇ, ನನ್ನ ಕನ್ನಡಕ ತಾರೇ! ಊರಿಗೆ ಕಟ್ಟಿಟ್ಟ ಚೀಲದಲ್ಲಿದೆ ನೋಡು, ಬಟ್ಟೆ ನಡುವೆ.”

ಕಿಟಕಿಯಲ್ಲಿ ಹೆಂಡತಿ ಚೀಲದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲೆ ಹಾಕುವುದು ಅವನಿಗೆ ಕಾಣುತ್ತಿತ್ತು. ಕನ್ನಡಕ ಕೈಗೆ ಸಿಕ್ಕ ಮೇಲೂ ಅವಳು ತೆಗೆಯುತ್ತಲೇ ಇದ್ದಳು.